ಡೆಸ್ಕ್‌ಟಾಪಿಗೆ ದೊಡ್ಡ ಎಸ್‌ಎಸ್‌ಡಿ: ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದ ಮೊದಲ ಬೂಟ್‌ವರೆಗೆ

ಆರೇಳು ವರ್ಷದ ಹಿಂದೆ ಕೊಂಡ ಡೆಸ್ಕ್‌ಟಾಪ್‌ಗಳಲ್ಲಿ ಹಲವಕ್ಕೆ 128 ಇಲ್ಲವೇ 256 ಜಿಬಿಯ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಡ್ರೈವ್, ಇರುತ್ತದೆ. ಆಗ ಅದು ಧಾರಾಳವಾಗಿತ್ತು. ಈಗ ವಿಂಡೋಸ್ ಅಪ್‌ಡೇಟ್‌ಗೇ ಜಾಗ ಸಾಲುವುದಿಲ್ಲ. ಪ್ರೊಸೆಸರ್ ಚೆನ್ನಾಗಿದೆ, ರ‍್ಯಾಮ್ ಸಾಕಷ್ಟಿದೆ, ಆದರೆ ಸಿ ಡ್ರೈವಿನ ಪಟ್ಟಿ ಮಾತ್ರ ಸದಾ ಕೆಂಪು. ಅಂಗಡಿಯವರನ್ನು ಕೇಳಿದರೆ ಹೊಸ ಮೆಷೀನ್ ತಗೊಳ್ಳಿ ಅಂತಾರೆ. ಬೇಡ. ಎಸ್‌ಎಸ್‌ಡಿ ಒಂದನ್ನು ಬದಲಿಸಿದರೆ ಅದೇ ಮೆಷೀನ್ ಇನ್ನೂ ಕೆಲವು ವರ್ಷ ಓಡುತ್ತದೆ.

ಕ್ಯಾಬಿನೆಟ್ ಬಿಚ್ಚಿ ಹೊಸದನ್ನು ಕೂರಿಸುವುದು ಹತ್ತು ಹದಿನೈದು ನಿಮಿಷದ ಕೆಲಸ. ಜನ ಹೆದರುವುದು ಅದಕ್ಕೇ, ಆದರೆ ಎಡವುವುದು ಬೇರೆ ಕಡೆ: ತಪ್ಪು ಬಗೆಯದನ್ನು ಕೊಂಡು ತರುವುದು, ಬ್ಯಾಕಪ್ ಇಲ್ಲದೆ ಶುರು ಮಾಡುವುದು, ಕ್ಲೋನ್ ಮಾಡುವಾಗ, ಅಂದರೆ ಹಳೆಯ ಡ್ರೈವನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡುವಾಗ, ಹಳೆಯದು ಯಾವುದು ಹೊಸದು ಯಾವುದು ಎಂದು ಗಲಿಬಿಲಿಯಾಗುವುದು. ಅದಕ್ಕೇ ಈ ಬರಹದಲ್ಲಿ ಸ್ಕ್ರೂಡ್ರೈವರ್ ಬರುವುದು ತಡವಾಗಿ.

ಉದಾಹರಣೆಗೆ ಮುಂಬಯಿ ಹತ್ತಿರದ ಡೊಂಬಿವಲಿಯ ಹಿರಿಯರೊಬ್ಬರ ಮೆಷೀನನ್ನೇ ಇಟ್ಟುಕೊಳ್ಳುತ್ತೇನೆ. ಇಂಟೆಲ್ 8ನೇ ತಲೆಮಾರಿನ ಐ5, 256 ಜಿಬಿಯ ಎಸ್‌ಎಸ್‌ಡಿ. ಕನ್ನಡ ಸಂಘದ ಸ್ಮರಣ ಸಂಚಿಕೆಗಳ ಪುಟವಿನ್ಯಾಸ, ಯಕ್ಷಗಾನದ ವಿಡಿಯೋ, ಹಳೆಯ ಸ್ಕ್ಯಾನ್‌ಗಳು ಎಲ್ಲವೂ ಅದರಲ್ಲೇ. "ಅದೊಂದು ಹೋದ್ರೆ ಸಂಘದ ಚರಿತ್ರೆಯೇ ಹೋಯ್ತು ಮಾರಾಯ, ಜಾಗ್ರತೆ" ಅಂದಿದ್ದರು. ನ್ಯಾಯವಾದ ಭಯವೇ.

ಮೊದಲು, ನಿಜಕ್ಕೂ ಬೇಕಾ?

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್ ತೆರೆಯಿರಿ. ಯಾವುದು ಎಷ್ಟು ತಿಂದಿದೆ ಎಂದು ಕಾಣುತ್ತದೆ. ಟೆಂಪರರಿ ಫೈಲ್ಸ್, ಹಳೆಯ ವಿಂಡೋಸ್ ಆವೃತ್ತಿಯ ಉಳಿಕೆ, ಡೌನ್‌ಲೋಡ್ಸ್ ಫೋಲ್ಡರಿನ ಕಸ ತೆಗೆದರೆ ಕೆಲವೊಮ್ಮೆ ಮೂವತ್ತು ನಲವತ್ತು ಜಿಬಿ ಸಿಗುವುದುಂಟು. ಅಷ್ಟು ಮಾಡಿಯೂ ಐದನೇ ಒಂದು ಭಾಗ ಖಾಲಿಯಾಗದಿದ್ದರೆ ಕೊಳ್ಳುವ ಮಾತಾಡಬಹುದು. ಎಸ್‌ಎಸ್‌ಡಿ ತುಂಬಿ ತುಳುಕುವಾಗ ಅದರ ಬರೆಯುವ ವೇಗವೂ ಬೀಳುತ್ತದೆ. ಒಳಗೆ ಬ್ಲಾಕ್‌ಗಳನ್ನು ಅತ್ತಿತ್ತ ಸರಿಸಿ ಅಳಿಸಿ ಬರೆಯಲು ಅದಕ್ಕೂ ಖಾಲಿ ಜಾಗ ಬೇಕು.

ನಿಮ್ಮ ಮದರ್‌ಬೋರ್ಡಿಗೆ ಯಾವ ಬಗೆಯದು ಹೊಂದುತ್ತದೆ?

ದುಡ್ಡು ಹಾಳಾಗುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಡೆಸ್ಕ್‌ಟಾಪಿಗೆ ಸಿಗುವ ಎಸ್‌ಎಸ್‌ಡಿಗಳನ್ನು ಮೂರು ಗುಂಪು ಮಾಡಬಹುದು. ಒಂದು, 2.5 ಇಂಚಿನ ಸಾಟಾ. ಚಪ್ಪಟೆ ಡಬ್ಬಿಯಂತಿರುತ್ತದೆ. ಒಂದು ಡೇಟಾ ಕೇಬಲ್, ಒಂದು ಪವರ್ ಕೇಬಲ್ ಬೇಕು. ಸೆಕೆಂಡಿಗೆ ಸುಮಾರು 550 ಎಂಬಿ ಅದರ ಮಿತಿ, ಯಾಕೆಂದರೆ ಸಾಟಾ ದಾರಿಯೇ 6 ಗಿಗಾಬಿಟ್‌ಗಿಂತ ಅಗಲ ಇಲ್ಲ. ಎರಡು, ಎಂ.2 ಆಕಾರದ ಸಾಟಾ. ನೋಡಲು ಚೂಯಿಂಗ್ ಗಮ್ ಪಟ್ಟಿಯ ಹಾಗೆ, ಆದರೆ ವೇಗ ಅದೇ 550. ಮೂರು, ಎಂ.2 ಆಕಾರದ ಎನ್‌ವಿಎಂಇ. ಇದು ಸಾಟಾ ಬಿಟ್ಟು ಪಿಸಿಐಇ ಎಂಬ, ಗ್ರಾಫಿಕ್ಸ್ ಕಾರ್ಡ್ ಬಳಸುವ ಅಗಲದ ದಾರಿ ಹಿಡಿಯುತ್ತದೆ. 3ನೇ ತಲೆಮಾರಿನಲ್ಲಿ ಸೆಕೆಂಡಿಗೆ ಸುಮಾರು 3,500 ಎಂಬಿ, 4ನೆಯದರಲ್ಲಿ 7,000ದ ಆಸುಪಾಸು.

ಎರಡನೆಯದೂ ಮೂರನೆಯದೂ ನೋಡಲು ಹೆಚ್ಚುಕಮ್ಮಿ ಒಂದೇ. ಕೆಲವು ಬೋರ್ಡ್‌ಗಳ ಎಂ.2 ಸ್ಲಾಟ್ ಎರಡನ್ನೂ ಒಪ್ಪುತ್ತದೆ, ಕೆಲವು ಒಂದನ್ನು ಮಾತ್ರ. ಸ್ಲಾಟಿನಲ್ಲಿ ಕೂತಿತು ಅಂದ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದಲ್ಲ. ಸಾಮಾನ್ಯವಾಗಿ ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಆದರೂ ಕಚ್ಚು ಎಣಿಸಿ ಕೊಳ್ಳಬೇಡಿ, ಡಬ್ಬಿಯ ಮೇಲೆ ಬರೆದದ್ದನ್ನೇ ನಂಬಿ.

ಬೋರ್ಡಿನ ಹೆಸರು ತಿಳಿಯಲು ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ಹುಡುಕಿ ತೆರೆಯಿರಿ. ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನಲ್ಲಿ ಮಾಡೆಲ್ ಇರುತ್ತದೆ. ಅದೇ ಪುಟದಲ್ಲಿ ಬಯಾಸ್ ಮೋಡ್ ಎಂಬ ಸಾಲನ್ನೂ ಬರೆದಿಟ್ಟುಕೊಳ್ಳಿ: ಯುಇಎಫ್‌ಐ (ಹೊಸ ಬಗೆ) ಅಥವಾ ಲೆಗಸಿ (ಹಳೆ ಬಗೆ). ಬಯಾಸ್ ಅಂದರೆ ಮೆಷೀನ್ ಆನ್ ಆದೊಡನೆ ವಿಂಡೋಸಿಗೂ ಮುಂಚೆ ಓಡುವ, ಬೋರ್ಡಿನದೇ ಪ್ರೋಗ್ರಾಮ್. ಮುಂದೆ ಬೇಕಾಗುತ್ತದೆ. ಮಾಡೆಲ್ ಹಿಡಿದು ಕಂಪನಿಯ ಸೈಟಿನಿಂದ ಮ್ಯಾನ್ಯುಯಲ್ ಇಳಿಸಿಕೊಂಡು ಸ್ಟೋರೇಜ್ ಭಾಗ ಓದಿ. ಅಲ್ಲಿ ಒಂದು ಸಣ್ಣ ಟಿಪ್ಪಣಿಯೂ ಇರಬಹುದು: ಎಂ.2 ಸ್ಲಾಟ್ ಬಳಸಿದರೆ ಇಂತಿಂಥ ಸಾಟಾ ಪೋರ್ಟ್ ಸತ್ತುಹೋಗುತ್ತದೆ ಅಂತ. ಅದನ್ನು ಓದದವರು ಆಮೇಲೆ "ಹೊಸದು ಹಾಕಿದ ಮೇಲೆ ಹಳೆ ಹಾರ್ಡ್‌ಡಿಸ್ಕ್ ಕಾಣ್ತಿಲ್ಲ" ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಕೇಬಲನ್ನು ಪಕ್ಕದ ಪೋರ್ಟಿಗೆ ಹಾಕಿದರೆ ಮುಗಿಯಿತು.

ಬೋರ್ಡ್ ತುಂಬ ಹಳೆಯದಾಗಿದ್ದು ಎಂ.2 ಸ್ಲಾಟೇ ಇಲ್ಲವೇ? ಸುಮ್ನೆ 2.5 ಇಂಚಿನ ಸಾಟಾ ತನ್ನಿ. ಪಿಸಿಐಇ ಅಡಾಪ್ಟರ್ ಹಾಕಿ ಎನ್‌ವಿಎಂಇ ಕೂರಿಸಬಹುದು ನಿಜ, ಆದರೆ ಹಳೆಯ ಬಯಾಸ್‌ಗಳು ಅದರಿಂದ ಬೂಟ್ ಆಗುವುದಿಲ್ಲ.

ಎಷ್ಟು ದೊಡ್ಡದು, ಎಂಥದು

ನನ್ನ ಲೆಕ್ಕದಲ್ಲಿ ಈಗ 1 ಟಿಬಿಗಿಂತ ಕಡಿಮೆ ಕೊಳ್ಳುವುದರಲ್ಲಿ ಅರ್ಥವಿಲ್ಲ. 500 ಜಿಬಿಯದು ತೆಗೆದುಕೊಂಡರೆ ಎರಡು ವರ್ಷಕ್ಕೆ ಮತ್ತೆ ಇದೇ ಪುರಾಣ. ವೇಗದ ಅಂಕಿಗೆ ಮರುಳಾಗಿ ಅರ್ಧ ಗಾತ್ರದ್ದನ್ನು ತರುವುದಂತೂ ಬೇಡವೇ ಬೇಡ. ದಿನನಿತ್ಯದ ಕೆಲಸದಲ್ಲಿ 3,500ಕ್ಕೂ 7,000ಕ್ಕೂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹಾರ್ಡ್‌ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಆಗುವ ಆಶ್ಚರ್ಯ ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಗುವುದಿಲ್ಲ. 8ನೇ ತಲೆಮಾರಿನ ಇಂಟೆಲ್ ಬೋರ್ಡುಗಳು ಪಿಸಿಐಇ 3ರಲ್ಲೇ ನಿಲ್ಲುತ್ತವೆ. 4ನೇ ತಲೆಮಾರಿನದನ್ನು ಹಾಕಿದರೂ ನಡೆಯುತ್ತದೆ, ಓಡುವುದು ಮಾತ್ರ 3ರ ವೇಗದಲ್ಲಿ.

ಎರಡು ಅಕ್ಷರಗುಚ್ಛ ಗಮನಿಸಿ: ಟಿಎಲ್‌ಸಿ ಮತ್ತು ಕ್ಯೂಎಲ್‌ಸಿ. ಮೊದಲನೆಯದು ಒಂದು ಸೆಲ್‌ನಲ್ಲಿ ಮೂರು ಬಿಟ್ ಇಡುತ್ತದೆ, ಎರಡನೆಯದು ನಾಲ್ಕು. ಕ್ಯೂಎಲ್‌ಸಿ ಅಗ್ಗ, ಆದರೆ ದೊಡ್ಡ ಫೈಲ್ ಒಂದೇ ಸಮನೆ ಬರೆಯುವಾಗ ಕ್ಯಾಶ್ (ಒಳಗಿನ ತಾತ್ಕಾಲಿಕ ವೇಗದ ಜಾಗ) ತುಂಬಿದ ಮೇಲೆ ತೀರಾ ನಿಧಾನವಾಗುತ್ತದೆ, ಸವೆತವೂ ಬೇಗ. ವಿಂಡೋಸ್ ಇರುವ ಡ್ರೈವಿಗೆ ಟಿಎಲ್‌ಸಿಯೇ ಇರಲಿ. ಬಾಳಿಕೆಯನ್ನು ಟಿಬಿಡಬ್ಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ, ಅಂದರೆ ಒಟ್ಟು ಎಷ್ಟು ಟಿಬಿ ಬರೆಯುವವರೆಗೆ ವಾರಂಟಿ ಎಂದು. ಸ್ಯಾಮ್‌ಸಂಗ್ 870 ಇವೊದ 1 ಟಿಬಿಗೆ 600 ಟಿಬಿಡಬ್ಲ್ಯೂ, 5 ವರ್ಷ. ದಿನಕ್ಕೆ 50 ಜಿಬಿ ಬರೆದರೂ ಅದು ಮುಗಿಯಲು ಮೂವತ್ತು ವರ್ಷ ದಾಟುತ್ತದೆ. ಮನೆ ಬಳಕೆಗೆ ಈ ಚಿಂತೆ ಬಿಟ್ಟುಬಿಡಿ.

ಲ್ಯಾಮಿಂಗ್ಟನ್ ರಸ್ತೆಗೆ ಹೋಗುವುದಾದರೆ

ಮುಂಬಯಿಯ ಈ ಕಂಪ್ಯೂಟರ್ ಬಜಾರಿನ ರಸ್ತೆಯ ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿದ್ದರೂ ಎಲ್ಲರ ಬಾಯಲ್ಲೂ ಅದು ಲ್ಯಾಮಿಂಗ್ಟನ್ ರಸ್ತೆಯೇ. ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ನಡೆಯುವ ದೂರ. ಸೆಂಟ್ರಲ್ ಲೈನಿನವರು ದಾದರಿನಲ್ಲಿ ಇಳಿದು ವೆಸ್ಟರ್ನ್‌ನ ಸ್ಲೋ ಲೋಕಲ್ ಹಿಡಿಯಬೇಕು. ಭಾನುವಾರ ಹೋಗಬೇಡಿ, ಅಂಗಡಿಗಳ ಶಟರ್ ನೋಡಿ ವಾಪಸ್ ಬರಬೇಕಾದೀತು. ಆನ್‌ಲೈನ್ ದರವನ್ನು ಮೊಬೈಲಿನಲ್ಲಿ ನೋಡಿಕೊಂಡೇ ಹೋಗಿ, ಎಸ್‌ಎಸ್‌ಡಿ ದರ ಒಂದೇ ಕಡೆ ನಿಲ್ಲುವ ಪೈಕಿ ಅಲ್ಲ.

ಅಂಗಡಿಯವನು ದರ ಹೇಳಿದ ಮೇಲೆ "ಬಿಲ್ ಚಾಹಿಯೇ ಕ್ಯಾ?" ಎಂದು ಕೇಳಬಹುದು. ಹೌದು, ಬೇಕು. 18% ಜಿಎಸ್‌ಟಿ ಉಳಿಯಿತೆಂದು ಕಚ್ಚಾ ಚೀಟಿ ಹಿಡಿದು ಬಂದರೆ ಮೂರನೇ ವರ್ಷ ಡ್ರೈವ್ ಸತ್ತಾಗ ಕೇಳುವವರಿಲ್ಲ. ಪಕ್ಕಾ ಬಿಲ್ ಇರಲಿ, ಅದರ ಮೇಲೆ ಸೀರಿಯಲ್ ನಂಬರ್ ಬರೆಸಿ, ಡಬ್ಬಿಯ ಮೇಲಿನದಕ್ಕೆ ತಾಳೆ ನೋಡಿ. ಡಬ್ಬಿಯಿಲ್ಲದೆ ಬರೀ ಪ್ಲಾಸ್ಟಿಕ್ ಲಕೋಟೆಯಲ್ಲಿ ಕೊಡುವ ಅಗ್ಗದ ಡ್ರೈವ್‌ಗಳು ಬಹುಪಾಲು ಲ್ಯಾಪ್‌ಟಾಪಿನಿಂದ ಕಿತ್ತವು. ಅವಕ್ಕೆ ತಯಾರಕರ ವಾರಂಟಿ ಗ್ರಾಹಕರಿಗೆ ಸಿಗುವುದಿಲ್ಲ, ಅಂಗಡಿಯ ನಾಲ್ಕು ದಿನದ "ಟೆಸ್ಟಿಂಗ್ ವಾರಂಟಿ"ಯೇ ಗತಿ.

ಅಲ್ಲೇ ಇನ್ನೊಂದೆರಡು ಸಾಮಾನು ತಂದುಬಿಡಿ. ಬೋರ್ಡಿನಲ್ಲಿ ಒಂದೇ ಎಂ.2 ಸ್ಲಾಟ್ ಇದ್ದರೆ ಕ್ಲೋನ್ ಮಾಡಲು ಎನ್‌ವಿಎಂಇ ಯುಎಸ್‌ಬಿ ಕೇಸ್ ಬೇಕು. 2.5 ಇಂಚಿನದಾದರೆ ಸಾಟಾ ಡೇಟಾ ಕೇಬಲ್, ಯಾಕೆಂದರೆ ಎಸ್‌ಎಸ್‌ಡಿ ಡಬ್ಬಿಯಲ್ಲಿ ಕೇಬಲ್ ಸಾಮಾನ್ಯವಾಗಿ ಇರುವುದಿಲ್ಲ. ಎಂ.2 ಸ್ಕ್ರೂ ಕೂಡ ಹಾಗೇ. ಅದು ಬೋರ್ಡಿನ ಜೊತೆ ಬಂದಿರುತ್ತದೆ, ನೀವು ಕಳೆದುಕೊಂಡಿರುತ್ತೀರಿ!

ಕೈ ಹಾಕುವ ಮುಂಚೆ

ಮೊದಲು ಹಳೆಯ ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಮ್ ತೆರೆದರೆ ನೀಲಿಯಲ್ಲಿ ಗುಡ್ ಎಂದು ಬರಬೇಕು. ಹಳದಿಯ ಕಾಶನ್ ಬಂದರೆ ಕ್ಲೋನ್ ಗೀನ್ ಎಲ್ಲ ಆಮೇಲೆ, ಮೊದಲು ಮುಖ್ಯ ಫೈಲುಗಳನ್ನು ಹೊರಗೆ ತೆಗೆಯಿರಿ.

ಆಮೇಲೆ ಬ್ಯಾಕಪ್. ಕ್ಲೋನ್ ಮಾಡುತ್ತೇವಲ್ಲ, ಬ್ಯಾಕಪ್ ಯಾಕೆ ಎನ್ನಬೇಡಿ. ಕ್ಲೋನ್ ಮಾಡುವಾಗಲೇ ಕೈತಪ್ಪುವುದು. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್, ಟ್ಯಾಲಿ ಡೇಟಾ, ಔಟ್‌ಲುಕ್ ಫೈಲ್, ಎಲ್ಲವೂ ಒಂದು ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗಲಿ. ಹೋದ ಮೇಲೆ ಅಲ್ಲಿಂದಲೇ ಎರಡು ಮೂರು ಫೈಲ್ ತೆರೆದು ನೋಡಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲೊಂದು ಹೆಚ್ಚಿನ ಮಾತು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಫೈಲುಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಮೆಷೀನಿನಲ್ಲಿ ಇಲ್ಲದಿದ್ದರೆ ಪುಟ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ನಮ್ಮ ಹಿರಿಯರ ಪೇಜ್‌ಮೇಕರ್ ಫೈಲುಗಳೆಲ್ಲ ಅಂಥವೇ. ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ಬೇರೆಯಾಗಿ ನಕಲು ಮಾಡಿಡಿ. ಹಳೆಯ ಸಾಫ್ಟ್‌ವೇರಿನ ಸೆಟಪ್ ಫೈಲ್ ಸಿಕ್ಕರೆ ಅದನ್ನೂ.

ಕೊನೆಗೆ ಬಿಟ್‌ಲಾಕರ್, ಅಂದರೆ ಡ್ರೈವಿನ ಡೇಟಾಕ್ಕೆ ವಿಂಡೋಸ್ ಹಾಕುವ ಬೀಗ. ವಿಂಡೋಸ್ 11ರಲ್ಲಿ ನಿಮಗೆ ಗೊತ್ತಿಲ್ಲದೆಯೂ ಡಿವೈಸ್ ಎನ್‌ಕ್ರಿಪ್ಶನ್ ಆನ್ ಆಗಿರಬಹುದು. ಪ್ರೈವಸಿ ಅಂಡ್ ಸೆಕ್ಯುರಿಟಿಯಲ್ಲಿ ನೋಡಿ, ಇದ್ದರೆ ಆಫ್ ಮಾಡಿ, ಡಿಕ್ರಿಪ್ಟ್ ಪೂರ್ತಿ ಮುಗಿಯುವವರೆಗೆ ಕಾಯಿರಿ. 48 ಅಂಕಿಯ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಡಿ.

ಕ್ಲೋನೋ, ಹೊಸ ಇನ್‌ಸ್ಟಾಲೋ?

ಮೆಷೀನ್ ಚೆನ್ನಾಗಿ ಓಡುತ್ತಿದ್ದು ಜಾಗ ಮಾತ್ರ ಸಾಲದಿದ್ದರೆ ಕ್ಲೋನ್ ಮಾಡಿ. ಫಾಂಟ್, ಪಾಸ್‌ವರ್ಡ್, ಪ್ರಿಂಟರ್ ಎಲ್ಲ ಇದ್ದ ಹಾಗೇ ಬರುತ್ತದೆ. ನಮ್ಮ ಹಿರಿಯರದ್ದಕ್ಕೆ ಇದೇ ಸರಿಯಾದ ದಾರಿ, ಎರಡನೇ ಯೋಚನೆಯೇ ಬೇಡ. ವಿಂಡೋಸೇ ಹದಗೆಟ್ಟಿದ್ದರೆ, ವೈರಸ್ ಗುಮಾನಿ ಇದ್ದರೆ ಮಾತ್ರ ಹೊಸದಾಗಿ ಹಾಕಿ. 8 ಜಿಬಿಯ ಪೆನ್‌ಡ್ರೈವ್, ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಸಾಕು. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಡ್ರೈವ್ ಬದಲಾದರೂ ತಾನಾಗಿ ಆಕ್ಟಿವೇಟ್ ಆಗುತ್ತದೆ.

ಇನ್ನೂ ವಿಂಡೋಸ್ 10ರಲ್ಲೇ ಇದ್ದೀರಾ? ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ 8ನೇ ತಲೆಮಾರು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದ್ದರೆ 11ಕ್ಕೆ ಹೋಗಬಹುದು. ಆದರೆ ಎರಡೂ ಕೆಲಸ ಒಂದೇ ದಿನ ಬೇಡ. ಮೊದಲು ಡ್ರೈವ್ ಬದಲಿಸಿ, ಒಂದು ವಾರ ಓಡಿಸಿ, ಆಮೇಲೆ 11.

ಬಯಾಸ್ ಮೋಡ್ ಸಾಲಿನಲ್ಲಿ ಲೆಗಸಿ ಎಂದಿದ್ದು ನೀವು ಎನ್‌ವಿಎಂಇಗೆ ಹೋಗುವುದಾದರೆ ಇನ್ನೊಂದು ಮೆಟ್ಟಿಲಿದೆ. ಡಿಸ್ಕಿನ ಪಾರ್ಟಿಶನ್ ಪಟ್ಟಿ ಎಂಬಿಆರ್ ಬಗೆಯದಾಗಿರುತ್ತದೆ. ಅದನ್ನು ಜಿಪಿಟಿಗೆ ತಿರುಗಿಸಬೇಕು. ವಿಂಡೋಸಿನಲ್ಲೇ ಎಂಬಿಆರ್2ಜಿಪಿಟಿ ಎಂಬ ಕಮಾಂಡ್ ಇದೆ. ಮೊದಲು ಅದರ ವ್ಯಾಲಿಡೇಟ್ ಓಡಿಸಿ, ತೊಂದರೆಯಿಲ್ಲ ಎಂದರೆ ಕನ್ವರ್ಟ್, ನಂತರ ಬಯಾಸಿನಲ್ಲಿ ಯುಇಎಫ್‌ಐ. ಬ್ಯಾಕಪ್ ಇಲ್ಲದೆ ಇದನ್ನು ಮುಟ್ಟಬೇಡಿ.

ಕ್ಲೋನ್ ಮಾಡುವುದು

ಸ್ಯಾಮ್‌ಸಂಗ್ ಕೊಂಡಿದ್ದರೆ ಅವರ ಮ್ಯಾಜಿಶಿಯನ್ ಪ್ರೋಗ್ರಾಮಿನಲ್ಲೇ ಡೇಟಾ ಮೈಗ್ರೇಶನ್ ಇದೆ. ಡಬ್ಲ್ಯೂಡಿ, ಕ್ರೂಷಿಯಲ್, ಕಿಂಗ್‌ಸ್ಟನ್‌ನವರು ಆಕ್ರೊನಿಸ್ ಎಂಬ ಕ್ಲೋನ್ ಪ್ರೋಗ್ರಾಮಿನ ಆವೃತ್ತಿ ಕೊಡುತ್ತಾರೆ, ಅವರ ಡ್ರೈವ್ ಜೋಡಿಸಿದ್ದರೆ ಅದು ಉಚಿತ. ಕ್ಲೋನ್‌ಜಿಲ್ಲಾ ಎಲ್ಲದಕ್ಕೂ ನಡೆಯುತ್ತದೆ, ಪೂರ್ತಿ ಉಚಿತ, ಆದರೆ ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಮೊದಲ ಸಲದವರಿಗೆ ಕಂಪನಿಯ ಟೂಲೇ ವಾಸಿ.

ಹೊಸ ಡ್ರೈವನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ ಕ್ಯಾಬಿನೆಟ್ಟಿನ ಹಿಂಬದಿಯ ನೀಲಿ ಪೋರ್ಟಿಗೆ ಚುಚ್ಚಿ. ಖಾಲಿ ಸ್ಲಾಟ್ ಇದ್ದರೆ ನೇರ ಬೋರ್ಡಿನಲ್ಲೇ ಕೂರಿಸಿ. ಬೇರೆಲ್ಲ ಪೆನ್‌ಡ್ರೈವ್, ಬ್ಯಾಕಪ್ ಡಿಸ್ಕ್ ಕಿತ್ತಿಡಿ. ಈಗ ಬರುತ್ತದೆ ನಿರ್ಣಾಯಕ ಪರದೆ: ಸೋರ್ಸ್ ಯಾವುದು, ಟಾರ್ಗೆಟ್ ಯಾವುದು? ಹೆಸರು ನೋಡಬೇಡಿ, ಗಾತ್ರ ನೋಡಿ. 256 ಜಿಬಿಯದು ವಿಂಡೋಸಿನಲ್ಲಿ 238 ಎಂದು ಕಾಣುತ್ತದೆ, 1 ಟಿಬಿಯದು 931 ಎಂದು. ಮೋಸವಲ್ಲ: ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ. 238 ಸೋರ್ಸ್, 931 ಟಾರ್ಗೆಟ್. ಜೋರಾಗಿ ಓದಿ ಹೇಳಿ, ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಗೂ ತೋರಿಸಿ, ಆಮೇಲೆ ಒತ್ತಿ. ಟಾರ್ಗೆಟಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಎಸ್‌ಎಸ್‌ಡಿಯಿಂದ ಎಸ್‌ಎಸ್‌ಡಿಗೆ 200 ಜಿಬಿ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಹಳೆಯದು ಹಾರ್ಡ್‌ಡಿಸ್ಕ್ ಆದರೆ ಹೆಚ್ಚು ಹೊತ್ತು ಬೇಕು. ಮಳೆಗಾಲದಲ್ಲಿ ಡೊಂಬಿವಲಿ, ಕಲ್ಯಾಣದ ಕಡೆ ಕರೆಂಟು ಹೋಗುವುದುಂಟಲ್ಲ, ಯುಪಿಎಸ್ ಇದ್ದರೆ ಒಳ್ಳೆಯದು. ನಡುವೆ ಹೋದರೂ ಗಾಬರಿ ಬೇಡ. ಹಳೆಯದನ್ನು ಬರೀ ಓದುತ್ತಿರುತ್ತದೆ, ಮತ್ತೆ ಮೊದಲಿಂದ ಕ್ಲೋನ್ ಮಾಡಿದರಾಯಿತು.

ಕ್ಯಾಬಿನೆಟ್ ಬಿಚ್ಚಿ

1. ಶಟ್‌ಡೌನ್ ಮಾಡಿ, ಪವರ್ ಕೇಬಲ್ ಕಿತ್ತು ಹಾಕಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ಬಿಲ್ಡಿಂಗ್‌ಗಳಲ್ಲಿ ಅರ್ಥಿಂಗ್ ಎಷ್ಟು ಚಂದ ಅಂತ ಕ್ಯಾಬಿನೆಟ್ ಮುಟ್ಟಿ ಜುಮ್ ಅನ್ನಿಸಿಕೊಂಡವರಿಗೆ ಗೊತ್ತು. ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಹೋಗಲಿ.

2. ಮೇಜಿನ ಮೇಲೆ ಮಲಗಿಸಿ ಎಡಬದಿಯ ಬಾಗಿಲು ತೆಗೆಯಿರಿ. ಕಡಲಿಗೆ ಹತ್ತಿರದ ಮನೆಗಳಲ್ಲಿ ಸ್ಕ್ರೂಗೆ ತುಕ್ಕು ಹಿಡಿದಿರುತ್ತದೆ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಲ್ಲದಿದ್ದರೆ ತಲೆ ಸವೆದು ಕೂತುಬಿಡುತ್ತದೆ. ಒಳಗಿನ ಲೋಹದ ಚೌಕಟ್ಟನ್ನು ಕೈಯಿಂದ ಒಮ್ಮೆ ಮುಟ್ಟಿ, ಮೈಯ ಸ್ಟ್ಯಾಟಿಕ್ ಇಳಿಯಲಿ.

3. ಎಂ.2 ಸ್ಲಾಟ್ ಸಾಮಾನ್ಯವಾಗಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ನಡುವೆ ಇರುತ್ತದೆ, ಕೆಲವೊಮ್ಮೆ ಕಾರ್ಡಿನ ಕೆಳಗೆ. ಕಾರ್ಡ್ ಅಡ್ಡ ಬಂದರೆ ಅದರ ಬಾಲದ ಕ್ಲಿಪ್ ಒತ್ತಿ ತೆಗೆಯಿರಿ. ಹಳೆಯ ಎಸ್‌ಎಸ್‌ಡಿಯ ಸ್ಕ್ರೂ ಬಿಚ್ಚಿದೊಡನೆ ಅದು ತಾನಾಗಿ ಮೇಲೆದ್ದು ನಿಲ್ಲುತ್ತದೆ, ಮೆಲ್ಲಗೆ ಎಳೆಯಿರಿ.

4. ಹೊಸದನ್ನು 30 ಡಿಗ್ರಿಯಷ್ಟು ಓರೆಯಾಗಿ ತೂರಿಸಿ. ಕಚ್ಚು ಹೊಂದಿದರೆ ಚಿನ್ನದ ಬಣ್ಣದ ಅಂಚು ಹೆಚ್ಚುಕಮ್ಮಿ ಪೂರ್ತಿ ಒಳಗೆ ಹೋಗುತ್ತದೆ. ಹೋಗದಿದ್ದರೆ ಒತ್ತಾಯ ಮಾಡಬೇಡಿ, ಉಲ್ಟಾ ಹಿಡಿದಿರುತ್ತೀರಿ. ಕೆಳಗೆ ಒತ್ತಿ ಸ್ಕ್ರೂ ಹಾಕಿ. ಸ್ಕ್ರೂ ಕೂರುವ ಹಿತ್ತಾಳೆಯ ಗುಬುಟು 80 ಮಿಲಿಮೀಟರಿನ ತೂತಿನಲ್ಲಿ ಇರಬೇಕು, 2280 ಎಂಬ ಅಳತೆಯ ಅರ್ಥ ಅದೇ: 22 ಅಗಲ, 80 ಉದ್ದ. ಬಿಗಿ ಸಾಕೆನಿಸಿದಾಗ ನಿಲ್ಲಿಸಿ.

5. ಬೋರ್ಡಿನ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಮತ್ತೆ ಹಾಕುವುದಾದರೆ, ಹೊಸ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತಿರಾ?

2.5 ಇಂಚಿನದಾದರೆ ಇನ್ನೂ ಸುಲಭ. ಕ್ಯಾಬಿನೆಟ್ಟಿನ ಟ್ರೇಯಲ್ಲಿ ಸ್ಕ್ರೂ ಮಾಡಿ, ಎಲ್ ಆಕಾರದ ಎರಡು ಕೇಬಲ್ ಚುಚ್ಚಿ. ಒಂದೇ ಎಚ್ಚರ: ಪವರ್ ಸಪ್ಲೈಯ ಬಿಚ್ಚಿ ಹಾಕುವ ಕೇಬಲುಗಳಾಗಿದ್ದರೆ ಬೇರೆ ಕಂಪನಿಯ ಕೇಬಲ್ ಬಳಸಬೇಡಿ. ತುದಿ ಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಡ್ರೈವ್ ಸುಟ್ಟುಹೋಗುತ್ತದೆ.

ಮೊದಲ ಬೂಟ್

ಹಳೆಯ ಡ್ರೈವನ್ನು ಹೊರಗಿಟ್ಟೇ ಮೊದಲ ಸಲ ಆನ್ ಮಾಡಿ. ಎರಡೂ ಒಟ್ಟಿಗಿದ್ದರೆ ಯಾವುದರಿಂದ ಬೂಟ್ ಆಯಿತೆಂದೇ ತಿಳಿಯುವುದಿಲ್ಲ. ಮೇಲಾಗಿ ಎರಡರ ಗುರುತಿನ ನಂಬರ್ ಒಂದೇ ಆದ್ದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಬಹುದು.

ವಿಂಡೋಸ್ ಬರಲಿಲ್ಲವೇ? ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯಾಸಿಗೆ ಹೋಗಿ. ಡ್ರೈವ್ ಪಟ್ಟಿಯಲ್ಲೇ ಇಲ್ಲದಿದ್ದರೆ ಸರಿಯಾಗಿ ಕೂತಿಲ್ಲ, ಇಲ್ಲವೇ ಆ ಸ್ಲಾಟಿಗೆ ಆ ಬಗೆ ಆಗುವುದಿಲ್ಲ. ಪಟ್ಟಿಯಲ್ಲಿದ್ದರೆ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲಿಗೆ ತನ್ನಿ. ಅಲ್ಲಿ ಎಎಚ್‌ಸಿಐ, ರೈಡ್ ಎಂಬ ಆಯ್ಕೆ ಕಂಡರೆ ಮುಟ್ಟದೆ ಹಾಗೇ ಬಿಡಿ. ಮುಂಚೆ ಹೇಗಿತ್ತೋ ಹಾಗೆ ಇಲ್ಲದಿದ್ದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ.

ಬೂಟ್ ಆದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕ್ಲೋನ್ ಟೂಲ್ ತಾನೇ ಹಿಗ್ಗಿಸದಿದ್ದರೆ ಸಿ ಡ್ರೈವ್ ಇನ್ನೂ ಹಳೆಯ ಅಳತೆಯಲ್ಲೇ ಇರುತ್ತದೆ, ಬಲಗಡೆ ಕಪ್ಪು ಪಟ್ಟಿಯಲ್ಲಿ ಅನ್‌ಅಲೊಕೇಟೆಡ್ ಎಂದು ಉಳಿದದ್ದು. ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಟೆಂಡ್ ವಾಲ್ಯೂಮ್ ಕೊಡಬೇಕು. ಅದು ಮಂಕಾಗಿದ್ದರೆ ಕಾರಣ ಒಂದೇ: ಸಿಗೂ ಖಾಲಿ ಜಾಗಕ್ಕೂ ನಡುವೆ ಅರ್ಧ ಜಿಬಿಯಷ್ಟರ ರಿಕವರಿ ಪಾರ್ಟಿಶನ್ ಕೂತಿದೆ. ಜಿಪಾರ್ಟೆಡ್ ಎಂಬ ಪಾರ್ಟಿಶನ್ ಪ್ರೋಗ್ರಾಮಿನ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಅದನ್ನು ಕೊನೆಗೆ ಸರಿಸಬಹುದು. ಅಷ್ಟೆಲ್ಲ ಬೇಡ ಅನ್ನುವವರು ಖಾಲಿ ಜಾಗಕ್ಕೆ ಡಿ ಡ್ರೈವ್ ಮಾಡಿಕೊಳ್ಳಲಿ. ಸಂಚಿಕೆ, ವಿಡಿಯೋ ಎಲ್ಲ ಡಿಗೆ ಹೋಗುತ್ತದೆ, ಸಿ ಹಗುರಾಗುತ್ತದೆ. ನಮ್ಮ ಹಿರಿಯರ ಮೆಷೀನಿಗೆ ನಾನು ಸೂಚಿಸುವುದೂ ಇದನ್ನೇ. ಆದರೆ ಡಿಗೆ ಹಾಕಿದ್ದು ಬ್ಯಾಕಪ್ ಆಯಿತು ಎಂದುಕೊಳ್ಳಬೇಡಿ, ಎರಡೂ ಒಂದೇ ಡಿಸ್ಕಿನ ಮೇಲಿವೆ.

ಇನ್ನು ಎರಡು ನಿಮಿಷದ ತಪಾಸಣೆ. ಡಿಫ್ರಾಗ್ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್‌ನಲ್ಲಿ ಹೊಸದು ಸಾಲಿಡ್ ಸ್ಟೇಟ್ ಡ್ರೈವ್ ಎಂದೇ ಕಾಣಬೇಕು, ವಾರಕ್ಕೊಮ್ಮೆಯ ಆಪ್ಟಿಮೈಸ್ ಆನ್ ಇರಬೇಕು. ನುಡಿಯ ಹಳೆಯ ಫೈಲ್ ಒಂದನ್ನು ತೆರೆದು ಒತ್ತಕ್ಷರ ನೆಟ್ಟಗಿದೆಯೇ ನೋಡಿ. ಬಿಟ್‌ಲಾಕರ್ ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ.

ಹಳೆಯದನ್ನು ಏನು ಮಾಡುವುದು

ಒಂದು ತಿಂಗಳು ಮುಟ್ಟಬೇಡಿ. ಹೆಸರು ತಾರೀಖು ಬರೆದು ಡ್ರಾಯರಿನಲ್ಲಿಡಿ. ಹೊಸದರಲ್ಲಿ ಏನಾದರೂ ಎಡವಟ್ಟಾದರೆ ಹಳೆಯದನ್ನು ಸಿಕ್ಕಿಸಿ ಅರ್ಧ ಗಂಟೆಯಲ್ಲಿ ಮೊದಲಿನ ಸ್ಥಿತಿಗೆ ಬರಬಹುದು. ಆಮೇಲೆ ಅದೇ ಯುಎಸ್‌ಬಿ ಕೇಸಿನಲ್ಲಿ ಹಾಕಿಕೊಂಡರೆ ಒಳ್ಳೆಯ ಪೆನ್‌ಡ್ರೈವ್. ಮಾರುವುದಾದರೆ ಫಾರ್ಮ್ಯಾಟ್ ಸಾಲದು, ಕಂಪನಿಯ ಟೂಲಿನಲ್ಲಿ ಸೆಕ್ಯೂರ್ ಇರೇಸ್ ಇರುತ್ತದೆ, ಅದನ್ನು ಓಡಿಸಿ.

ಸಂಘದ ಹಳೆಯ ಸ್ಕ್ಯಾನ್‌ಗಳನ್ನು ಮಾತ್ರ ಆ ಎಸ್‌ಎಸ್‌ಡಿಗೆ ತುಂಬಿ ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟುಬಿಡಬೇಡಿ. ಕರೆಂಟ್ ಕಾಣದೆ ಬಹಳ ಕಾಲ ಕೂತರೆ ಅದರ ಸೆಲ್‌ಗಳಲ್ಲಿನ ಚಾರ್ಜ್ ಮೆಲ್ಲಗೆ ಸೋರುತ್ತದೆ. ಅಂಥದ್ದಕ್ಕೆ ಹೊರಗಿನ ಹಾರ್ಡ್‌ಡಿಸ್ಕೇ ಸರಿ, ಅದೂ ಎರಡು: ಒಂದು ಮನೆಯಲ್ಲಿ, ಇನ್ನೊಂದು ಸಂಘದ ಕಪಾಟಿನಲ್ಲಿ.